ಹಳೆಯ ಪಿಕಪ್ಪಿನ ಸೀಟು: ಫೋಮ್ ಯಾವುದು, ಹೊದಿಕೆ ಯಾವುದು, ಯಾವ ಗಾಡಿಗೆ ಯಾವ ದಾರಿ

ಮೆಕ್ಕೆಜೋಳದ ಸುಗ್ಗಿಯಲ್ಲಿ ದಾವಣಗೆರೆಯ ಎಪಿಎಂಸಿ ಅಂಗಳದೊಳಗೆ ಸರದಿಗೆ ನಿಂತ ಪಿಕಪ್ಪುಗಳ ಬಾಗಿಲು ತೆಗೆದು ನೋಡಿದರೆ, ಹತ್ತು ಹದಿನೈದು ವರ್ಷ ದುಡಿದ ಗಾಡಿಗಳ ಸೀಟುಗಳೆಲ್ಲ ಬಹುಮಟ್ಟಿಗೆ ಒಂದೇ ಜಾಗದಲ್ಲಿ ಸೋತಿರುತ್ತವೆ. ಅದು ಚಾಲಕನ ಸೀಟಿನ ಬಲಗಡೆಯ ಅಂಚು. ಹತ್ತುವಾಗಲೂ ಇಳಿಯುವಾಗಲೂ ತೊಡೆಯ ಭಾರವೆಲ್ಲ ಆ ಅಂಚಿನ ಮೇಲೆ ಜಾರುವುದರಿಂದ ಮೊದಲು ಪೈಪಿಂಗ್, ಅಂದರೆ ಅಂಚಿನ ಹೊಲಿಗೆಯ ಉದ್ದಕ್ಕೂ ಇರುವ ದುಂಡನೆಯ ಪಟ್ಟಿ, ಹರಿಯುತ್ತದೆ, ಆಮೇಲೆ ಹೊಲಿಗೆ ಬಿಡುತ್ತದೆ, ಕೊನೆಗೆ ಫೋಮ್ ಉದುರಿ ಒಳಗಿನ ಕಂಬಿ ಕೈಗೆ ಸಿಗುತ್ತದೆ. ಅದರ ಮೇಲೆ ಮಡಿಸಿದ ಟವೆಲ್ಲೋ ಹಳೆಯ ಕಂಬಳಿಯೋ ಬಂದು ಕೂರುತ್ತದೆ, ಹಾಗೆಯೇ ಇನ್ನೊಂದು ವರ್ಷ ಕಳೆಯುತ್ತದೆ. ಗಾಡಿಯ ಎಂಜಿನ್ನಿಗೆ ಹೊತ್ತುಹೊತ್ತಿಗೆ ಆಯಿಲ್ ಬದಲಿಸುವ ಮಾಲೀಕರು ಕೂಡ ಚಾಲಕನ ಬೆನ್ನನ್ನು ಹೊರುವ ಸೀಟನ್ನು ಮಾತ್ರ ಕೊನೆಯ ಖರ್ಚಾಗಿ ಇಟ್ಟುಕೊಳ್ಳುತ್ತಾರೆ.

ಸೀಟು ಮಾಡಿಸಲು ಹೊರಟವರಲ್ಲಿ ಹೆಚ್ಚಿನವರು ಅಂಗಡಿಯಲ್ಲಿ ಮೊದಲು ಕೇಳುವುದು ರೆಕ್ಸಿನ್ನಿನ ಬಣ್ಣವನ್ನು. ನಾನೂ ಮೊದಲ ಸಲ ಹಾಗೆಯೇ ಮಾಡಿದ್ದೆ. ಅಂಗಡಿಯವರು ಹರಿದ ಹೊದಿಕೆ ಬಿಚ್ಚಿ, ತಗ್ಗು ಬಿದ್ದ ಕಡೆ ಒಂದು ತುಂಡು ಫೋಮ್ ಅಂಟಿಸಿ, ಚೆಂದದ ಕಂದು ರೆಕ್ಸಿನ್ ಹೊಲಿದು ಕೊಟ್ಟರು. ಎಂಟು ತಿಂಗಳಿಗೆ ಸೀಟು ಮತ್ತೆ ಕುಸಿಯಿತು, ಹೊಸ ರೆಕ್ಸಿನ್ ಅದರ ಮೇಲೆ ನೆರಿಗೆಗಟ್ಟಿತು. ಎರಡನೆಯ ಸಲ ಬೇರೆ ಮೇಸ್ತ್ರಿಯ ಬಳಿ ಹೋದಾಗ ನಾನು ಮಾದರಿ ಪುಸ್ತಕಕ್ಕೆ ಕೈ ಹಾಕುವಷ್ಟರಲ್ಲಿ ಆತ, "ಬಣ್ಣ ಆಮ್ಯಾಲೆ ಆರಿಸ್ಕೊಳ್ರಿ ಅಣ್ಣ, ಮೊದ್ಲು ಅಡಿಯಾಗೇನೈತಿ ನೋಡ್ರಿ" ಎಂದು ಸೀಟನ್ನು ಬೋರಲು ಹಾಕಿದ. ಅಂದಿನಿಂದ ನಾನು ಹಿಡಿದಿರುವ ಕ್ರಮ ಅದೇ. ಮೊದಲು ಚೌಕಟ್ಟು, ಅದರ ಮೇಲೆ ಫೋಮ್, ಎಲ್ಲಕ್ಕಿಂತ ಕೊನೆಗೆ ಹೊದಿಕೆ. ಕೈಯಲ್ಲಿರುವ ಹಣವನ್ನೂ ಇದೇ ಕ್ರಮದಲ್ಲಿ ಹಂಚಬೇಕು. ಕೆಳಗಿನ ಹೋಲಿಕೆಯೆಲ್ಲ ಈ ನೆಲೆಯಲ್ಲಿಯೇ ನಿಂತಿದೆ.

ಸೀಟನ್ನು ಬೋರಲು ಹಾಕಿ ನೋಡುವುದು

ಸೀಟನ್ನು ಬಿಚ್ಚುವ ಮೊದಲು ಒಂದು ಅಳತೆ ತೆಗೆದುಕೊಳ್ಳಬೇಕು. ಪಕ್ಕದ ಬೆಂಚಿನಲ್ಲಿ ಯಾರೂ ಹೆಚ್ಚು ಕೂರದ ನಡುವಿನ ಭಾಗ ಸಾಮಾನ್ಯವಾಗಿ ಕಂಪನಿಯಿಂದ ಬಂದ ಎತ್ತರಕ್ಕೆ ಹತ್ತಿರವಾಗಿಯೇ ಉಳಿದಿರುತ್ತದೆ. ಅಲ್ಲಿನ ಕುಶನ್ ಎಷ್ಟು ಇಂಚು ದಪ್ಪವಿದೆ, ಮುಂಭಾಗ ಹಿಂಭಾಗಕ್ಕಿಂತ ಎಷ್ಟು ಎತ್ತರವಿದೆ ಎಂಬುದನ್ನು ಬರೆದಿಟ್ಟುಕೊಂಡರೆ, ಕುಸಿದುಹೋದ ಚಾಲಕನ ಸೀಟು ಮೂಲದಲ್ಲಿ ಹೇಗಿತ್ತು ಎಂದು ಊಹಿಸುವ ಪ್ರಮೇಯ ಬರುವುದಿಲ್ಲ.

ಬೋಲ್ಟು ಬಿಚ್ಚಿ ಸೀಟನ್ನು ಹೊರಗೆ ತಂದು ಬೋರಲು ಹಾಕಿದಾಗ ಕಾಣುವುದು ಕಬ್ಬಿಣದ ಚೌಕಟ್ಟು, ಅದಕ್ಕೆ ಕ್ಲಿಪ್ಪುಗಳಲ್ಲಿ ಸಿಕ್ಕಿಸಿದ ಅಂಕುಡೊಂಕಿನ ಸ್ಪ್ರಿಂಗ್ ಕಂಬಿಗಳು ಅಥವಾ ಬರೀ ತಗಡಿನ ತಳ. ನಮ್ಮ ಗಾಡಿಯ ಸೀಟನ್ನು ಬಿಚ್ಚಿದ ದಿನ ಹೊದಿಕೆಯ ಅಡಿಯಿಂದ ಕಡಲೆಹಿಟ್ಟಿನಂತಹ ಹಳದಿ ಪುಡಿ ನೆಲಕ್ಕೆ ಸುರಿಯಿತು. ಅದು ಹಳೆಯ ಫೋಮ್. ಅದರ ತಳವನ್ನು ತಿರುಗಿಸಿ ನೋಡಿದರೆ ಪ್ರತಿ ಸ್ಪ್ರಿಂಗ್ ಕಂಬಿಯ ನೇರಕ್ಕೂ ಬೆರಳು ಹೋಗುವಷ್ಟು ಆಳದ ಸೀಳು ಬಿದ್ದಿತ್ತು. ಕಂಬಿಗೂ ಫೋಮಿಗೂ ನಡುವೆ ಇರಬೇಕಾದ ಗೋಣಿ ಬಟ್ಟೆ ಎಂದೋ ಚೂರುಚೂರಾಗಿತ್ತು. ಒಂದು ಸ್ಪ್ರಿಂಗ್ ಕ್ಲಿಪ್ಪಿನಿಂದ ಕಳಚಿಕೊಂಡು ಓರೆಯಾಗಿ ನಿಂತಿತ್ತು. ಇಂಥ ತಳದ ಮೇಲೆ ಎಷ್ಟೇ ಒಳ್ಳೆಯ ಫೋಮ್ ಇಟ್ಟರೂ ಕಂಬಿ ಅದನ್ನು ಕೆಳಗಿನಿಂದ ಗರಗಸದಂತೆ ಕೊಯ್ಯುತ್ತಲೇ ಇರುತ್ತದೆ. ಮೊದಲ ಸಲದ ನನ್ನ ಖರ್ಚು ಎಂಟು ತಿಂಗಳಿಗೆ ಮಣ್ಣುಪಾಲಾದದ್ದು ಈ ಕಾರಣದಿಂದ.

ಆದ್ದರಿಂದ ಸ್ಪ್ರಿಂಗ್ ಎಷ್ಟು ಉಳಿದಿವೆ, ಕ್ಲಿಪ್ಪು ಸಡಿಲವಾಗಿವೆಯೇ, ಚೌಕಟ್ಟಿನ ಬೆಸುಗೆ ಬಿರುಕು ಬಿಟ್ಟಿದೆಯೇ, ಸೀಟು ಹಿಂದೆ ಮುಂದೆ ಜಾರುವ ರೈಲಿನ ಲಾಕು ಗಟ್ಟಿಯಾಗಿ ಹಿಡಿಯುತ್ತದೆಯೇ ಎಂಬುದನ್ನು ಕಣ್ಣಾರೆ ನೋಡಬೇಕು. ಮುರಿದ ಸ್ಪ್ರಿಂಗನ್ನು ಬೆಸುಗೆ ಹಾಕಿಸುವುದರಿಂದ ಪ್ರಯೋಜನವಿಲ್ಲ. ಸ್ಪ್ರಿಂಗಿನ ಉಕ್ಕು ಬೆಸುಗೆಯ ಬಿಸಿಗೆ ಪೆಡಸಾಗಿ ಅದೇ ಜಾಗದ ಪಕ್ಕದಲ್ಲಿ ಮತ್ತೆ ಮುರಿಯುತ್ತದೆ; ಬೇರೆ ಸ್ಪ್ರಿಂಗ್ ಹಾಕಿಸುವುದೇ ಸರಿ. ಚೌಕಟ್ಟಿಗೆ ಬೆಸುಗೆ ಬೇಕಾದರೆ ಫೋಮನ್ನೂ ಹೊದಿಕೆಯನ್ನೂ ಪೂರ್ತಿಯಾಗಿ ತೆಗೆದು, ಸೀಟನ್ನು ಗಾಡಿಯಿಂದ ಹೊರಗೆ ತಂದ ಮೇಲೆಯೇ ಮಾಡಿಸಬೇಕು. ಪಾಲಿಯುರೆಥೇನ್ ಫೋಮ್ ಬೇಗ ಹೊತ್ತಿಕೊಳ್ಳುತ್ತದೆ, ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಗೊಬ್ಬರದ ಚೀಲ ಸಾಗಿಸುವ ಗಾಡಿಗಳಲ್ಲಿ ಕ್ಯಾಬಿನ್ನಿನ ನೆಲಕ್ಕೆ ಬಿದ್ದ ಉಪ್ಪಿನ ಅಂಶ ಸೀಟಿನ ಕಾಲುಗಳನ್ನು ಬೇಗ ತಿನ್ನುವುದರಿಂದ ತುಕ್ಕು ಕೆರೆಸಿ ರೆಡ್ ಆಕ್ಸೈಡ್ ಬಳಿಸುವುದಕ್ಕೂ ಇದೇ ತಕ್ಕ ಸಮಯ. ಬಣ್ಣ ಒಣಗಿದ ಮೇಲೆ ಸ್ಪ್ರಿಂಗುಗಳ ಮೇಲೆ ದಪ್ಪ ಕ್ಯಾನ್ವಾಸ್ ಅಥವಾ ಎರಡು ಪದರ ಗೋಣಿ ಹಾಸಿ ಚೌಕಟ್ಟಿಗೆ ಬಿಗಿಯಾಗಿ ಕಟ್ಟಿಸಬೇಕು. ಈ ಪದರಕ್ಕೆ ಆಗುವ ಖರ್ಚು ತೀರಾ ಕಡಿಮೆ. ಅದನ್ನು ಬಿಟ್ಟರೆ ಆಗುವ ನಷ್ಟ ಇಡೀ ಸೀಟಿನದು.

ಇರುವ ದಾರಿಗಳು

ಎಲ್ಲಕ್ಕಿಂತ ಅಗ್ಗದ್ದು ಸಿದ್ಧ ಸೀಟ್ ಕವರ್. ಒಳಗಿನ ಫೋಮ್ ಗಟ್ಟಿಯಾಗಿಯೇ ಇದ್ದು ಮೇಲಿನ ರೆಕ್ಸಿನ್ ಮಾತ್ರ ಬಿಸಿಲಿಗೆ ಸೀಳಿದ್ದರೆ ಇದು ತಪ್ಪಾದ ಆಯ್ಕೆಯಲ್ಲ. ಆದರೆ ಕುಸಿದ ಫೋಮಿನ ಮೇಲೆ ಕವರ್ ಹಾಕಿದರೆ ತಗ್ಗು ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಕವರ್ ಕೊಳ್ಳುವಾಗ ಸೀಟ್ ಬೆಲ್ಟಿನ ಬಕಲ್ ಹೊರಗೆ ಬರಲು ಜಾಗ ಬಿಟ್ಟಿದ್ದಾರೆಯೇ ಎಂದು ನೋಡಲೇಬೇಕು. ಬಕಲ್ ಮುಚ್ಚಿಹೋದ ಗಾಡಿಯಲ್ಲಿ ಬೆಲ್ಟ್ ಹಾಕುವ ಅಭ್ಯಾಸವೇ ತಪ್ಪಿಹೋಗುತ್ತದೆ.

ಎರಡನೆಯದು ತೇಪೆ ಹಾಕುವ ದಾರಿ, ಅಂದರೆ ತಗ್ಗಾದ ಭಾಗವನ್ನಷ್ಟೇ ಕತ್ತರಿಸಿ ಹೊಸ ತುಂಡು ಕೂರಿಸುವುದು. ಬಲ ಅಂಚು ಮಾತ್ರ ಸವೆದು ಉಳಿದ ಫೋಮ್ ಒತ್ತಿದರೆ ಮೇಲೇಳುವಂತಿದ್ದರೆ ಇದು ಧಾರಾಳವಾಗಿ ಸಾಕು. ಒತ್ತಿದ ಹೆಬ್ಬೆರಳಿನ ಗುರುತು ಉಳಿಯುವುದಾದರೆ, ಕೆರೆದಾಗ ಪುಡಿ ಉದುರುವುದಾದರೆ ತೇಪೆ ಹಾಕಿಸಬಾರದು. ಬಿಸಿ, ಬೆವರು, ತೇವ ಸೇರಿ ಫೋಮಿನ ಕಣಗಳ ಗೋಡೆಯೇ ಶಿಥಿಲವಾಗಿರುತ್ತದೆ. ಹೊಸ ತುಂಡು ಗಟ್ಟಿಯಾಗಿ ನಿಂತಂತೆಲ್ಲ ಸುತ್ತಲಿನ ಹಳೆಯದು ಇನ್ನೂ ಬೇಗ ಕುಸಿದು, ಕೂತವರಿಗೆ ದಿಬ್ಬದ ಮೇಲೆ ಕೂತಂತಾಗುತ್ತದೆ.

ಮೂರನೆಯದು ಪೂರ್ತಿ ಹೊಸ ಹಾಳೆ ಫೋಮ್ ಕತ್ತರಿಸಿ, ಹೊಸ ಹೊದಿಕೆ ಹೊಲಿಸುವುದು. ನಾಲ್ಕನೆಯದು ಕಂಪನಿಯ ಅಚ್ಚಿನ ಫೋಮನ್ನೋ ಇಡೀ ಸೀಟನ್ನೋ ಬಿಡಿಭಾಗವಾಗಿ ತರಿಸುವುದು. ಅಚ್ಚಿನಲ್ಲಿ ಎರಕ ಹೊಯ್ದ ಫೋಮಿನ ಆಕಾರ ಕರಾರುವಾಕ್ಕಾಗಿರುತ್ತದೆ, ಅಂಚುಗಳು ಗಟ್ಟಿಯಾಗಿರುತ್ತವೆ, ಹೊದಿಕೆಯನ್ನು ಎಳೆದು ಹಿಡಿಯುವ ಕಂಬಿ ಕೂರುವ ಕಾಲುವೆಯೂ ಅದರಲ್ಲಿಯೇ ಮೂಡಿರುತ್ತದೆ. ಸಿಗುವುದಾದರೆ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಆದರೆ ಟಾಟಾ 207ರಂತಹ ಹಳೆಯ ಗಾಡಿಗಳಿಗೆ ಅದನ್ನು ಹುಡುಕುತ್ತ ಕೂರುವಷ್ಟರಲ್ಲಿ ಸುಗ್ಗಿಯೇ ಮುಗಿದಿರುತ್ತದೆ. ಸಿಕ್ಕರೂ ಬೆಲೆ ಹೆಚ್ಚು. ಹತ್ತು ವರ್ಷದೊಳಗಿನ ಗಾಡಿಯಾದರೆ ಒಮ್ಮೆ ವಿಚಾರಿಸಿ ನೋಡುವುದು ಒಳ್ಳೆಯದು, ಅದಕ್ಕಿಂತ ಹಳೆಯದಾದರೆ ಒಳ್ಳೆಯ ಮೇಸ್ತ್ರಿಯ ಕೈಯಲ್ಲಿ ಮೂರನೆಯ ದಾರಿಯೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಗುಜರಿಯಿಂದ ಬೇರೆ ಗಾಡಿಯ ಸೀಟು ತಂದು ಕೂರಿಸುವ ಐದನೆಯ ದಾರಿಯೂ ಇದೆ. ಅದೇ ಮಾದರಿಯ ಗಾಡಿಯ ಸೀಟಾಗಿದ್ದು ಬೋಲ್ಟಿನ ತೂತುಗಳು ನೇರವಾಗಿ ಹೊಂದಿಕೊಂಡರೆ ಸರಿ. ಕಾರಿನ ಸೀಟು ತಂದು, ನೆಲಕ್ಕೆ ಹೊಸ ತೂತು ಕೊರೆದು, ಪಟ್ಟಿ ಬೆಸೆದು ನಿಲ್ಲಿಸುವುದನ್ನು ನಾನು ಯಾರಿಗೂ ಹೇಳಲಾರೆ. ಗುದ್ದಿದಾಗ ಸೀಟನ್ನು ನೆಲಕ್ಕೆ ಹಿಡಿದಿಡುವುದು ಆ ನಾಲ್ಕು ಬೋಲ್ಟುಗಳೇ. ಇಬ್ಬರ ಸೀಟನ್ನು ಮೂವರದಾಗಿ ಹಿಗ್ಗಿಸುವುದೂ ಸಲ್ಲದು. ಕೂರುವವರ ಸಂಖ್ಯೆ ಆರ್‌ಸಿಯಲ್ಲಿ ನಮೂದಾಗಿರುತ್ತದೆ, ಅದಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ತಡೆಯುತ್ತದೆ.

ಫೋಮಿನ ಲೆಕ್ಕ

ಅಂಗಡಿಯಲ್ಲಿ "32 ಡೆನ್ಸಿಟಿ", "40 ಡೆನ್ಸಿಟಿ" ಎಂದು ಕೇಳಿಬರುವ ಅಂಕಿಗೆ ಅರ್ಥ ಬಹಳ ಸರಳ. ಒಂದು ಘನ ಮೀಟರ್ ಫೋಮ್ ಅಷ್ಟು ಕಿಲೋ ತೂಗುತ್ತದೆ ಎಂದಷ್ಟೇ. ತೂಕ ಹೆಚ್ಚಿದಷ್ಟೂ ಒಳಗೆ ಮಾಲು ಹೆಚ್ಚು, ಬಾಳಿಕೆಯೂ ಸಾಮಾನ್ಯವಾಗಿ ಹೆಚ್ಚು. ಈ ಅಂಕಿಯನ್ನು ಮಾತಿನ ಮೇಲೆ ನಂಬಬೇಕಾಗಿಲ್ಲ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಯೇ ಪರೀಕ್ಷಿಸಬಹುದು. ಒಂದು ಅಡಿ ಉದ್ದ, ಒಂದು ಅಡಿ ಅಗಲ, ನಾಲ್ಕು ಇಂಚು ದಪ್ಪದ ತುಂಡು 32 ಡೆನ್ಸಿಟಿಯದಾಗಿದ್ದರೆ ಸುಮಾರು 300 ಗ್ರಾಂ, 40ರದಾಗಿದ್ದರೆ ಸುಮಾರು 380 ಗ್ರಾಂ ತೂಗಬೇಕು. ಆರು ಅಡಿಗೆ ಮೂರು ಅಡಿಯ ನಾಲ್ಕು ಇಂಚಿನ ಇಡೀ ಹಾಳೆಯಾದರೆ 32ರದು ಐದೂವರೆ ಕಿಲೋ ಆಸುಪಾಸು, 40ರದು ಆರು ಮುಕ್ಕಾಲು ಕಿಲೋ ಮೀರಬೇಕು. ಎರಡನೆಯ ಸಲ ನಾನು ಫೋಮ್ ಕೊಳ್ಳಲು ಹೋದಾಗ 40 ಎಂದು ಹೇಳಿ ಕೊಟ್ಟ ಒಂದಡಿ ತುಂಡು ಪಕ್ಕದ ಅಂಗಡಿಯ ತಕ್ಕಡಿಯಲ್ಲಿ 270 ಗ್ರಾಂ ಮಾತ್ರ ಬಂದಿತು. ಅದನ್ನು ಅಲ್ಲಿಯೇ ಬಿಟ್ಟು ಬೇರೆಡೆ ಕೊಂಡೆ.

ಡೆನ್ಸಿಟಿ ಬೇರೆ, ಗಡಸು ಬೇರೆ ಎಂಬುದನ್ನು ಮಾತ್ರ ಮರೆಯಬಾರದು. ಒಂದೇ 40 ಡೆನ್ಸಿಟಿಯಲ್ಲಿ ಮೆತ್ತನೆಯದೂ ಬರುತ್ತದೆ, ಗಟ್ಟಿಯದೂ ಬರುತ್ತದೆ. ಹಾಳೆಯನ್ನು ನೆಲಕ್ಕೆ ಹಾಸಿ ಒಂದು ಮೊಣಕಾಲನ್ನು ಅದರ ಮೇಲೆ ಊರಿ, ಮೈಭಾರವನ್ನೆಲ್ಲ ಬಿಟ್ಟು ನೋಡಬೇಕು. ಮೊಣಕಾಲಿಗೆ ನೆಲ ತಾಗಿದಂತಾದರೆ ಅದು ಚಾಲಕನ ಸೀಟಿಗೆ ಆಗುವುದಿಲ್ಲ. ಮೆತ್ತಗಿದ್ದಷ್ಟೂ ಸುಖವೆಂಬ ನಂಬಿಕೆ ಪಿಕಪ್ಪಿನ ಮಟ್ಟಿಗೆ ನಿಜವಲ್ಲ. ಕೂತ ಮನುಷ್ಯನ ಬೆನ್ನುಮೂಳೆ ಸೆಕೆಂಡಿಗೆ ಸುಮಾರು 5 ಬಾರಿಯ ಮೇಲುಕೆಳಗಿನ ಕುಲುಕಾಟಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಸ್ಪಂದಿಸುತ್ತದೆ. ಖಾಲಿ ಪಿಕಪ್ಪು ತನ್ನ ಚಕ್ರಗಳ ಪಟ್ಟಿ ಸ್ಪ್ರಿಂಗಿನ ಮೇಲೆ ಕುಣಿಯುವ ಹೊತ್ತಿನಲ್ಲಿ ಮೆತ್ತನೆಯ ಫೋಮ್ ತಳ ಮುಟ್ಟಿಬಿಟ್ಟರೆ ಪ್ರತಿ ಗುಂಡಿಯ ಹೊಡೆತವೂ ನೇರವಾಗಿ ನಡುವಿಗೇ ಬೀಳುತ್ತದೆ. ಜಗಳೂರಿನ ಕಡೆಯ ಹಳ್ಳಿ ರಸ್ತೆಗಳಲ್ಲಿ ದಿನವೂ ಓಡಾಡುವ ನಮ್ಮ ಅಣ್ಣನಿಗೆ ಸಂಜೆ ಎದ್ದು ನಿಲ್ಲಲು ಬಾಗಿಲು ಹಿಡಿಯಬೇಕಾಗಿದ್ದ ಕಾಲವನ್ನು ನಾನು ಕಂಡಿರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಫೋಮ್ ಚೂರುಗಳನ್ನು ಅಂಟು ಸೇರಿಸಿ ಒತ್ತಿ ಮಾಡಿದ, ಬಣ್ಣಬಣ್ಣದ ಚುಕ್ಕೆಗಳ ರೀಬಾಂಡೆಡ್ ಹಾಳೆಯನ್ನು ಕೆಲವರು ಕಳಪೆ ಎಂದು ತಳ್ಳಿಹಾಕುತ್ತಾರೆ. ಇಡೀ ಸೀಟನ್ನು ಅದರಿಂದಲೇ ಮಾಡಿದರೆ ಹಲಗೆಯ ಮೇಲೆ ಕೂತಂತಾಗುವುದು ನಿಜ. ಆದರೆ 80ರಿಂದ 100 ಡೆನ್ಸಿಟಿಯ ರೀಬಾಂಡೆಡ್ಡು ತಳದ ಪದರಕ್ಕೂ, ಮುಖ್ಯವಾಗಿ ಹತ್ತಿ ಇಳಿಯುವ ಆ ಬಲ ಅಂಚಿಗೂ ಹೇಳಿ ಮಾಡಿಸಿದಂಥದ್ದು. ರಬ್ಬರ್ ಸೇರಿಸಿದ ತೆಂಗಿನ ನಾರಿನ ಹಾಸು ಗಾಳಿಯಾಡುತ್ತದೆ, ಸೆಖೆ ಕಡಿಮೆ. ಹೊಸದುರ್ಗ, ಹಿರಿಯೂರಿನ ತೆಂಗಿನ ಸೀಮೆಯವರಿಗೆ ನಾರಿನ ಗುಣ ಹೇಳಿಕೊಡಬೇಕಾದ್ದೇನೂ ಇಲ್ಲ. ಆದರೆ ಒಮ್ಮೆ ನೀರು ಕುಡಿದು ಒತ್ತಡಕ್ಕೆ ಸಿಕ್ಕಿದರೆ ಅದು ಚಪ್ಪಟೆಯಾಗಿ ಮತ್ತೆ ಏಳುವುದಿಲ್ಲ, ಹಾಗಾಗಿ ಅದನ್ನು ಬೆನ್ನಿನ ಭಾಗಕ್ಕೆ ಇಡುವುದು ಲೇಸು. ಮೆಮರಿ ಫೋಮ್ ಎಂಬುದು ಬಿಸಿಗೆ ಮೆತ್ತಗಾಗಿ ಚಳಿಗೆ ಗಟ್ಟಿಯಾಗುವ ಜಾತಿ. ಏಪ್ರಿಲ್ ಮಧ್ಯಾಹ್ನ ಚಿತ್ರದುರ್ಗದ ಬಿಸಿಲಲ್ಲಿ ನಿಂತ ಕ್ಯಾಬಿನ್ನಿನೊಳಗೆ ಅದು ಬೇಕಾದ ಆಧಾರ ಕೊಡಲಾರದು.

ನಮ್ಮ ಗಾಡಿಗೆ ಕೊನೆಗೆ ನಿಂತ ಜೋಡಣೆ ಹೀಗಿದೆ. ಕ್ಯಾನ್ವಾಸಿನ ಮೇಲೆ ಒಂದು ಇಂಚು ರೀಬಾಂಡೆಡ್, ಅದರ ಮೇಲೆ ಮೂರು ಇಂಚು ಗಟ್ಟಿ 40 ಡೆನ್ಸಿಟಿ, ಮೇಲ್ಗಡೆ ಒಂದು ಇಂಚು ಮೆತ್ತನೆಯ 32. ಬಲ ಅಂಚಿಗೆ ನಾಲ್ಕು ಇಂಚು ಅಗಲದ ರೀಬಾಂಡೆಡ್ ಪಟ್ಟಿಯನ್ನು ಓರೆಯಾಗಿ ಸೀಳಿ ಕೂರಿಸಲಾಗಿದೆ. ಬೆನ್ನಿಗೆ 32 ಡೆನ್ಸಿಟಿ ಸಾಕಾಯಿತು, ಸೊಂಟದ ಎತ್ತರಕ್ಕೆ ಸರಿಯಾಗಿ ಮಾತ್ರ ಅರ್ಧ ಇಂಚು ಹೆಚ್ಚು ಕೊಡಿಸಿದೆ. ಮೊದಲು ಬರೆದಿಟ್ಟ ಅಳತೆಗಿಂತ ಒಟ್ಟು ಎತ್ತರ ಅರ್ಧ ಇಂಚು ಮಿಗಿಲಾಗಿರಲಿ, ಕೆಲವು ವಾರಗಳಲ್ಲಿ ಅಷ್ಟು ಇಳಿಯುತ್ತದೆ. ಅದಕ್ಕಿಂತ ಹೆಚ್ಚು ಏರಿಸಿದರೆ ಸ್ಟೀರಿಂಗು ತೊಡೆಗೆ ತಾಗುತ್ತದೆ, ಕ್ಲಚ್ಚಿನ ಮೇಲೆ ಕಾಲು ಇಳಿಬೀಳುತ್ತದೆ, ಕನ್ನಡಿಗಳ ನೋಟವೂ ತಪ್ಪುತ್ತದೆ. ಮುಂಭಾಗದ ಅಂಚನ್ನು ದುಂಡಗೆ ಕೆತ್ತಿಸದೆ ಚೌಕಾಕಾರವಾಗಿ ಬಿಟ್ಟರೆ ಮೊಣಕಾಲಿನ ಹಿಂಬದಿ ಒತ್ತಿ ಕಾಲು ಜೋಮು ಹಿಡಿಯುತ್ತದೆ.

ಹೊದಿಕೆ

ರೆಕ್ಸಿನ್ ಎಂಬುದು ಮೂಲತಃ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಒಂದು ಕಂಪನಿಯ ಬಟ್ಟೆಯ ಹೆಸರು. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ನಮ್ಮ ದಾವಣಗೆರೆಯ ಅಂಗಡಿಗಳಲ್ಲಿ ಅದೇ ಹೆಸರು ಇಂದಿಗೂ ನಿಂತಿರುವುದು ನನಗೆ ಪ್ರಿಯವಾದ ಸಂಗತಿ. ಈಗ ಆ ಹೆಸರಿನಲ್ಲಿ ಸಿಗುವುದು ಬಟ್ಟೆಯ ಮೇಲೆ ಪಿವಿಸಿ ಲೇಪಿಸಿದ ಹಾಳೆ. ಒರೆಸಿದರೆ ಧೂಳು ಹೋಗುತ್ತದೆ, ನೀರು ಒಳಕ್ಕೆ ಇಳಿಯುವುದಿಲ್ಲ, ಬೆಲೆ ಕೈಗೆಟುಕುತ್ತದೆ. ಇದರ ದೋಷವೂ ಸ್ಪಷ್ಟ. ಬೆವರು ಹೀರುವುದಿಲ್ಲ, ಬಿಸಿಲಿಗೆ ಕಾಯುತ್ತದೆ, ವರ್ಷಗಳು ಕಳೆದಂತೆ ಅದನ್ನು ಮೃದುವಾಗಿಡುವ ಎಣ್ಣೆಯಂಥ ಅಂಶ ಆರಿಹೋಗಿ ಗಡಸಾಗಿ ಸೀಳುತ್ತದೆ. ಪಿಯು (ಪಾಲಿಯುರೆಥೇನ್) ಲೆದರ್ ಎಂದು ಕರೆಯುವುದು ಕೈಗೆ ಮೃದು, ನೋಟಕ್ಕೆ ಅಂದ. ಆದರೆ ಬೆವರು ಮತ್ತು ತೇವಕ್ಕೆ ಅದರ ಮೇಲ್ಪದರ ಕೆಲವೇ ವರ್ಷಗಳಲ್ಲಿ ಹಪ್ಪಳದಂತೆ ಏಳುವುದನ್ನು ಮನೆಯ ಸೋಫಾಗಳಲ್ಲಿ ಎಲ್ಲರೂ ಕಂಡಿದ್ದೇವೆ. ದುಡಿಯುವ ಗಾಡಿಗೆ ನಾನು ಅದನ್ನು ಆರಿಸುವುದಿಲ್ಲ. ನೇಯ್ದ ಪಾಲಿಯೆಸ್ಟರ್ ಬಟ್ಟೆ ಸೆಖೆಗೆ ಹಿತ, ಜಾರುವುದೂ ಇಲ್ಲ. ಆದರೆ ಕೆಂಪು ಮಣ್ಣಿನ ಧೂಳು, ಈರುಳ್ಳಿಯ ವಾಸನೆ, ಮಳೆನೀರು ಎಲ್ಲವನ್ನೂ ಫೋಮಿಗೆ ಇಳಿಸುತ್ತದೆ.

ಆದ್ದರಿಂದ ಕೂರುವ ನಡುಭಾಗಕ್ಕೆ ಒಂದು, ಅಂಚುಗಳಿಗೆ ಇನ್ನೊಂದು ಎಂದು ಬೆರೆಸಿ ಹೊಲಿಸುವುದನ್ನು ಯೋಚಿಸಬೇಕು. ಚಳ್ಳಕೆರೆ, ಹಿರಿಯೂರಿನ ಕಡೆಯಿಂದ ರಾತ್ರಿ ಈರುಳ್ಳಿ ತುಂಬಿಕೊಂಡು ಬೆಳಗಿನ ಜಾವಕ್ಕೆ ಯಶವಂತಪುರ ಮುಟ್ಟುವ ಗಾಡಿಯ ಚಾಲಕ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂರುತ್ತಾನೆ. ಅಂಥ ಸೀಟಿಗೆ ನಡುವೆ ದಪ್ಪ ಬಟ್ಟೆ, ಅಂಚಿಗೆ ರೆಕ್ಸಿನ್ ಒಳ್ಳೆಯದು. ಊರೊಳಗೆ ಸಿಲಿಂಡರ್ರೋ ಸಿಮೆಂಟೋ ಇಳಿಸುತ್ತ ಕ್ಷಣಕ್ಷಣಕ್ಕೂ ಹತ್ತಿ ಇಳಿಯುವ ಗಾಡಿಗೆ ಪೂರ್ತಿ ರೆಕ್ಸಿನ್ನೇ ಸರಿ, ಅದರಲ್ಲೂ ಬಲ ಅಂಚಿಗೆ ಎರಡು ಪದರ. ಹೊಲ ಮನೆಯ ಗಾಡಿಗೆ, ಕೆಸರುಗಾಲಿನವರೂ ಒದ್ದೆ ಬಟ್ಟೆಯವರೂ ಹತ್ತುವುದರಿಂದ, ರೆಕ್ಸಿನ್ ಹಾಕಿಸಿ ಮೇಲೆ ಒಗೆಯಬಹುದಾದ ಹತ್ತಿ ಟವೆಲ್ಲನ್ನೋ ಗಾಳಿಯಾಡುವ ಮರದ ಮಣಿಗಳ ಹಾಸನ್ನೋ ಇಡುವುದು ನಮ್ಮ ಚಾಲಕರು ತಾವೇ ಕಂಡುಕೊಂಡ ಉಪಾಯ, ಅದಕ್ಕಿಂತ ಉತ್ತಮವಾದುದನ್ನು ನಾನು ಕಂಡಿಲ್ಲ. ಸಣ್ಣ ತೂತುಗಳಿರುವ ರೆಕ್ಸಿನ್ ಕಾರುಗಳಿಗೆ ಹೊಂದಬಹುದು, ಧೂಳಿನ ದಾರಿಯಲ್ಲಿ ಆ ತೂತುಗಳು ಬೇಗ ಕಟ್ಟಿಕೊಳ್ಳುತ್ತವೆ. ಬಣ್ಣದ ವಿಷಯದಲ್ಲಿ ಹೇಳಬೇಕಾದದ್ದು ಒಂದೇ, ಕಪ್ಪು ಎಲ್ಲಕ್ಕಿಂತ ಹೆಚ್ಚು ಕಾಯುತ್ತದೆ. ಬೂದು ಅಥವಾ ತಿಳಿಗಂದು ಇರಲಿ.

ರೆಕ್ಸಿನ್ ಆರಿಸುವಾಗ ಮಗುಚಿ ಹಿಂಬದಿಯನ್ನು ನೋಡಬೇಕು. ಹೆಣೆದ ಬಟ್ಟೆಯ ಹಿಂಬದಿಯಿದ್ದರೆ ಎಳೆದಾಗ ಹಿಗ್ಗಿ ಮೂಲೆಗಳಲ್ಲಿ ನೆರಿಗೆಯಿಲ್ಲದೆ ಕೂರುತ್ತದೆ. ಮೂಲೆಯನ್ನು ಬಿಗಿಯಾಗಿ ಮಡಿಸಿ ಉಗುರಿನಿಂದ ಗೀರಿದಾಗ ಬಿಳಿ ಗೆರೆ ಉಳಿಯಬಾರದು. ಸೋಫಾ ರೆಕ್ಸಿನ್ ಅಲ್ಲದೆ ವಾಹನಕ್ಕೆಂದೇ ಮಾಡಿದ್ದನ್ನು ಕೇಳಿ ಪಡೆಯುವುದು ಅವಶ್ಯ, ಏಕೆಂದರೆ ವಾಹನದ ಒಳಗಿನ ವಸ್ತುಗಳು ಬೆಂಕಿಗೆ ಎಷ್ಟು ಬೇಗ ಉರಿಯಬಹುದು ಎಂಬುದಕ್ಕೆ ಐಎಸ್ 15061 ಎಂಬ ಭಾರತೀಯ ಮಾನಕವಿದೆ. ಬೀಡಿಯ ಕಿಡಿ ಬೀಳುವ ಕ್ಯಾಬಿನ್ನಿನಲ್ಲಿ ಇದು ಸಣ್ಣ ಮಾತಲ್ಲ. ಸಾಮಾನ್ಯವಾಗಿ 54 ಇಂಚು ಪನ್ನದಲ್ಲಿ ಬರುವ ರೆಕ್ಸಿನ್ ನಮ್ಮ ಗಾಡಿಯ ಚಾಲಕನ ಸೀಟಿಗೂ ಪಕ್ಕದ ಬೆಂಚಿಗೂ ಸೇರಿ ನಾಲ್ಕೂವರೆ ಮೀಟರ್ ಹಿಡಿಯಿತು. ದಾರ ಪಾಲಿಯೆಸ್ಟರಿನದಾಗಿರಲಿ, ಹತ್ತಿ ದಾರ ಕೊಳೆಯುತ್ತದೆ, ನೈಲಾನ್ ಬಿಸಿಲಿಗೆ ಅದಕ್ಕಿಂತ ಬೇಗ ಸೋಲುತ್ತದೆ. ಹೊಲಿಗೆ ಒತ್ತೊತ್ತಾಗಿದ್ದರೆ ಗಟ್ಟಿ ಎಂದುಕೊಳ್ಳಬಾರದು. ತೂತುಗಳು ಹತ್ತಿರವಾದಷ್ಟೂ ರೆಕ್ಸಿನ್ ಅಂಚೆಚೀಟಿಯ ಹಾಳೆಯಂತೆ ಆ ಗೆರೆಯಲ್ಲಿಯೇ ಹರಿಯುತ್ತದೆ. ಮೂರರಿಂದ ನಾಲ್ಕು ಮಿಲಿಮೀಟರಿನ ಹೊಲಿಗೆ, ಒತ್ತಡ ಬೀಳುವ ಕಡೆ ಎರಡು ಸಾಲು ಇದ್ದರೆ ಸಾಕು.

ಹಳೆಯ ಹೊದಿಕೆಯನ್ನು ಹೊಲಿಗೆ ಬಿಚ್ಚಿ ಬಿಡಿಸಿ, ಅದನ್ನೇ ಅಚ್ಚಾಗಿಟ್ಟು ಹೊಸದನ್ನು ಕತ್ತರಿಸುವ ಮೇಸ್ತ್ರಿಯನ್ನು ಹುಡುಕಬೇಕು. ಸೀಟಿನ ಮೇಲೆ ಬಟ್ಟೆ ಹಾಸಿ ಅಂದಾಜಿನಲ್ಲಿ ಕತ್ತರಿಸುವ ಕಡೆ ಕೊಡಬಾರದು. ಪದರಗಳನ್ನು ಅಂಟಿಸಿದ ರಬ್ಬರ್ ಗಮ್ಮು ಪೂರ್ತಿ ಆರುವ ತನಕ ಹೊದಿಕೆ ಎಳೆಯಬಾರದು, ಹಾಗಾಗಿ ಜಡಿಮಳೆಯ ದಿನಗಳನ್ನು ಬಿಟ್ಟು, ಗಾಡಿಗೆ ಎರಡು ದಿನ ಬಾಡಿಗೆ ಇಲ್ಲದ ಹೊತ್ತನ್ನು ಗೊತ್ತು ಮಾಡಿಕೊಳ್ಳುವುದು ಅನುಕೂಲ. ಸೀಟನ್ನು ಮರಳಿ ಕೂರಿಸುವಾಗ ರೈಲಿಗೆ ಗ್ರೀಸ್ ಹಚ್ಚಿಸಿ, ಬೆಲ್ಟಿನ ಬಕಲ್ ಮೇಲೆಯೇ ಇದೆಯೆಂದು ನೋಡಿ, ಖಾಲಿ ಗಾಡಿಯನ್ನು ಒಮ್ಮೆ ಕೆಟ್ಟ ರಸ್ತೆಯಲ್ಲಿ ಓಡಿಸಬೇಕು. ಹದಿನೈದು ದಿನಗಳ ನಂತರ ಫೋಮ್ ಇಳಿದು ಹೊದಿಕೆ ಸಡಿಲಗೊಂಡಿದ್ದರೆ ಅದೇ ಮೇಸ್ತ್ರಿಯ ಬಳಿ ಒಯ್ದು ಕೆಳಗಿನ ಕ್ಲಿಪ್ಪುಗಳನ್ನು ಎಳೆಸಿ ಬಿಗಿ ಮಾಡಿಸಬೇಕು, ಜೊತೆಗೆ ನೆಲದ ನಾಲ್ಕೂ ಬೋಲ್ಟುಗಳಿಗೆ ಇನ್ನೊಮ್ಮೆ ಸ್ಪಾನರ್ ಹಾಕಬೇಕು.